ಕೆಜಿಎಫ್ ಮತ ಎತ್ತ ಹೋಯಿತು? ಕೋಲಾರದ ಲೋಕಸಭಾ ಲೆಕ್ಕವನ್ನು ಬಿಡಿಸಿದ ಬಗೆ

ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಚಿನ್ನದ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ್ದು 2001ರ ಫೆಬ್ರವರಿ 28ರಂದು. ಕೋಲಾರ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿನ ಕೈತಪ್ಪಿದ್ದು 2019ರಲ್ಲಿ. ಗಣಿ ಮುಚ್ಚಿದ್ದರಿಂದಲೇ ಮತದಾರ ತಿರುಗಿಬಿದ್ದ ಎನ್ನುವವರಿಗೆ ನಡುವಿನ ಈ ಹದಿನೆಂಟು ವರ್ಷ ಕಾಣುವುದೇ ಇಲ್ಲ. ಕಾಂಗ್ರೆಸ್ಸಿನ ಕೆ.ಎಚ್. ಮುನಿಯಪ್ಪ ಇಲ್ಲಿ 1991ರಿಂದ 2014ರವರೆಗೆ ಸತತ ಏಳು ಸಲ ಗೆದ್ದರು, ಗಣಿ ನಡೆಯುತ್ತಿದ್ದಾಗಲೂ ಮುಚ್ಚಿದ ಮೇಲೂ. ಹಾಗಾಗಿ ಕಾರಣ ಹುಡುಕುವ ಮೊದಲು ಲೆಕ್ಕ ಸರಿಮಾಡಿಕೊಳ್ಳಬೇಕು. ನಾನು ಮಾಡಿಕೊಂಡ ಕ್ರಮ ಇದು.

ಮೊದಲು ಗಡಿ. ಕ್ಷೇತ್ರ ಮರುವಿಂಗಡಣೆಯ ಬಳಿಕ, 2008ರ ವಿಧಾನಸಭಾ ಚುನಾವಣೆಯ ಹೊತ್ತಿಗೆ, ಬೇತಮಂಗಲ, ವೇಮಗಲ್ ಕ್ಷೇತ್ರಗಳು ಇಲ್ಲವಾಗಿ ಬಂಗಾರಪೇಟೆ ಕ್ಷೇತ್ರ ಬಂತು. ಆದ್ದರಿಂದ 2004ರ ಶೇಕಡಾವಾರನ್ನು 2009ರ ಪಕ್ಕದಲ್ಲಿಟ್ಟು ಗೆರೆ ಎಳೆದರೆ ಅದು ಬೇರೆ ಬೇರೆ ಮತದಾರರ ಹೋಲಿಕೆಯಾಗುತ್ತದೆ. 2009ರಿಂದ ಈಚಿನದನ್ನು ಮಾತ್ರ ಒಂದು ಹಾಳೆಯಲ್ಲಿಟ್ಟೆ. ಅಲ್ಲಿಂದ ಲೋಕಸಭಾ ಕ್ಷೇತ್ರದಲ್ಲಿರುವುದು ಎಂಟು ವಿಧಾನಸಭಾ ಭಾಗ: ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ, ಕೋಲಾರ, ಮಾಲೂರು. ಅಂದರೆ ಗಣಿಯೂರು ಎಂಟರಲ್ಲಿ ಒಂದು ಪಾಲು, ಅದರಲ್ಲೂ ಬೇತಮಂಗಲದ ಕಡೆಯ ಹಳ್ಳಿಗಳು ಸೇರಿವೆ. ಉಳಿದದ್ದು ರೇಷ್ಮೆ, ಟೊಮೆಟೊ, ಹಾಲಿನ ಸೀಮೆ.

ಎರಡನೆಯದು, ಮೈತ್ರಿಯ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. 2014ರಲ್ಲಿ ಕಾಂಗ್ರೆಸ್‌ಗೆ ಸುಮಾರು 4.19 ಲಕ್ಷ, ಜೆಡಿಎಸ್‌ಗೆ 3.71 ಲಕ್ಷ, ಬಿಜೆಪಿಗೆ 2.67 ಲಕ್ಷ ಮತ ಬಿದ್ದಿತ್ತು. 2019ರಲ್ಲಿ ಬಿಜೆಪಿಯ ಎಸ್. ಮುನಿಸ್ವಾಮಿ 7.09 ಲಕ್ಷ, ಮುನಿಯಪ್ಪ 4.99 ಲಕ್ಷ. ಬಿಜೆಪಿಯ ಸಾಲನ್ನಷ್ಟೇ ನೋಡಿದರೆ 4.4 ಲಕ್ಷದ ಜಿಗಿತ, ಅಲೆಯೋ ಅಲೆ. ಆದರೆ ಆ ಸಲ ಜೆಡಿಎಸ್ ಅಭ್ಯರ್ಥಿಯೇ ಇರಲಿಲ್ಲ, ಕಾಗದದ ಮೇಲೆ ಆ ಪಕ್ಷ ಕಾಂಗ್ರೆಸ್ ಜೊತೆಗಿತ್ತು. 2014ರ ಜೆಡಿಎಸ್, ಬಿಜೆಪಿ ಎರಡನ್ನೂ ಕೂಡಿಸಿ: 6.38 ಲಕ್ಷ. ಅದು 7.09ಕ್ಕೆ ಏರಿದ್ದು ಸುಮಾರು 71 ಸಾವಿರ. ಸೋತ ಕಾಂಗ್ರೆಸ್ ಏರಿದ್ದು ಸುಮಾರು 80 ಸಾವಿರ! ಕಾಂಗ್ರೆಸ್‌ನ ಮತ ಕುಸಿಯಲೇ ಇಲ್ಲ. ಎದುರಾಳಿ ಮತ ಎರಡು ಕಡೆ ಹಂಚಿಹೋಗುವುದು ನಿಂತಿತು, ಅಷ್ಟೆ.

2024 ಇದನ್ನೇ ಇನ್ನೊಂದು ಮಗ್ಗುಲಿನಿಂದ ತೋರಿಸುತ್ತದೆ. ಹಿಂದಿನ ವರ್ಷದ ವಿಧಾನಸಭೆಯಲ್ಲಿ ಈ ಎಂಟರಲ್ಲಿ ಕಾಂಗ್ರೆಸ್ ಐದು, ಜೆಡಿಎಸ್ ಮೂರು ಗೆದ್ದಿದ್ದವು, ಬಿಜೆಪಿಗೆ ಸೊನ್ನೆ. ಈ ಸಲ ಜೆಡಿಎಸ್ ಬಿಜೆಪಿಯ ಮಿತ್ರಪಕ್ಷ. ಹಾಲಿ ಸಂಸದರಿದ್ದೂ ಬಿಜೆಪಿ ಅದಕ್ಕೆ ಸೀಟು ಬಿಟ್ಟುಕೊಟ್ಟದ್ದರ ಹಿಂದೆ ಈ ಸೊನ್ನೆಯಿದೆ ಎಂದು ನನ್ನ ಎಣಿಕೆ. ಜೆಡಿಎಸ್‌ನ ಎಂ. ಮಲ್ಲೇಶ್ ಬಾಬು 6.91 ಲಕ್ಷ, ಕಾಂಗ್ರೆಸ್‌ನ ಕೆ.ವಿ. ಗೌತಮ್ 6.20 ಲಕ್ಷ, ಅಂತರ 2.1 ಲಕ್ಷದಿಂದ 71,388ಕ್ಕೆ ಇಳಿಯಿತು.

ಇನ್ನು ಗಣಿಯೂರಿನದೇ ಮತ ಬೇಕೆಂದರೆ ನಮೂನೆ 20ಕ್ಕೆ ಇಳಿಯಲೇಬೇಕು, ಅಂದರೆ ಮತಗಟ್ಟೆವಾರು ಫಲಿತಾಂಶದ ಹಾಳೆ. ಅದರಲ್ಲಿ ಮತಗಟ್ಟೆಯ ಸಂಖ್ಯೆ ಇರುತ್ತದೆ, ಊರಿನ ಹೆಸರಿರುವುದಿಲ್ಲ. ಮತಗಟ್ಟೆ ಪಟ್ಟಿಯನ್ನು ಪಕ್ಕದಲ್ಲಿಟ್ಟು ಮೂರು ಗುಂಪು ಮಾಡಿದೆ: ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರಿಗಾಂ, ಕೋರಮಂಡಲದ ಲೈನ್ ಮನೆಗಳು (ಗಣಿ ಕಾರ್ಮಿಕರ ಸಾಲುಮನೆಗಳು) ಒಂದು; ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ಪೇಟೆ ಬೀದಿಗಳು ಎರಡು; ಹಳ್ಳಿಗಳು ಮೂರು. ಸಂಖ್ಯೆಯನ್ನೇ ನಂಬಿ ಎರಡು ವರ್ಷಗಳನ್ನು ಜೋಡಿಸಬೇಡಿ. ಮತದಾರರು ಹೆಚ್ಚಾದ ಕಡೆ ಮತಗಟ್ಟೆ ಒಡೆದು ಎರಡಾಗುತ್ತದೆ, ಅಲ್ಲಿಂದ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಶಾಲೆ ಅಥವಾ ಕಟ್ಟಡದ ಹೆಸರಿನ ಮೇಲೆ ಜೋಡಿಸಿ, ಅನುಮಾನವಿದ್ದರೆ ಬೀದಿಗಳ ಹೆಸರು ನೋಡಿ.

ಸ್ಕ್ಯಾನ್ ಮಾಡಿದ ಹಾಳೆಯನ್ನು ಕಂಪ್ಯೂಟರ್ ಓದುವಾಗ 3 ಮತ್ತು 8 ಅದಲುಬದಲಾಗುತ್ತವೆ. ಪ್ರತಿ ಸಾಲಿನಲ್ಲೂ ಅಭ್ಯರ್ಥಿಗಳ ಮೊತ್ತಕ್ಕೆ ನೋಟಾ ಸೇರಿಸಿ ಒಟ್ಟು ಮತಕ್ಕೆ ತಾಳೆ ನೋಡಿದರೆ ತಪ್ಪು ಅಲ್ಲೇ ಸಿಗುತ್ತದೆ. ಟೆಂಡರ್ ಮತದ (ತನ್ನ ಹೆಸರಿನಲ್ಲಿ ಬೇರೆಯವರು ಆಗಲೇ ಮತ ಹಾಕಿದ್ದಾಗ ಮತದಾರ ಪ್ರತ್ಯೇಕವಾಗಿ ಹಾಕುವ ಮತ) ಕಾಲಂ ಕೂಡಿಸಬಾರದು, ಅವು ಎಣಿಕೆಗೆ ಬರುವುದಿಲ್ಲ. ಎಂಟೂ ಭಾಗ ಕೂಡಿಸಿದ ಮೇಲೂ ಘೋಷಿತ ಮೊತ್ತಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ: ಅಂಚೆ ಮತ ಯಾವ ಮತಗಟ್ಟೆಗೂ ಸೇರದೆ ಕೊನೆಯಲ್ಲಿ ಸೇರುತ್ತದೆ.

ಲೋಕಸಭೆಯನ್ನು ವಿಧಾನಸಭೆಯ ಕನ್ನಡಿಯಲ್ಲಿ ನೋಡುವುದು ಇನ್ನೊಂದು ತಪ್ಪು. ತಮಿಳು ಮಾತನಾಡುವ ಕಾರ್ಮಿಕರೇ ತುಂಬಿದ್ದ ಕೆಜಿಎಫ್ 1999ರಲ್ಲಿ ಎಐಎಡಿಎಂಕೆ ಶಾಸಕರನ್ನೂ 2004ರಲ್ಲಿ ರಿಪಬ್ಲಿಕನ್ ಪಕ್ಷದವರನ್ನೂ ಕಳಿಸಿತು. 2008, 2013ರಲ್ಲಿ ಬಿಜೆಪಿ. 2018, 2023ರಲ್ಲಿ ಕಾಂಗ್ರೆಸ್, ಅದೂ ಮುನಿಯಪ್ಪನವರ ಮಗಳು ರೂಪಕಲಾ. ಶಾಸಕ ಸ್ಥಾನ ಬಿಜೆಪಿಯದಾಗಿದ್ದಾಗ ಸಂಸದರು ಕಾಂಗ್ರೆಸ್, ಶಾಸಕ ಸ್ಥಾನ ಕಾಂಗ್ರೆಸ್ಸಿಗೆ ಬಂದ ಮೇಲೆ ಸಂಸದರು ಮೊದಲು ಬಿಜೆಪಿ, ಆಮೇಲೆ ಜೆಡಿಎಸ್.

ಮತದಾನದ ಪ್ರಮಾಣ ಹೋಲಿಸುವಾಗಲೂ ಒಂದು ಎಚ್ಚರ. ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಬಹಳ. ಅಲ್ಲೇ ಬಾಡಿಗೆ ಮನೆ ಮಾಡಿದವರ ಹೆಸರೂ ಲೈನ್‌ನ ಪಟ್ಟಿಯಲ್ಲಿ ಉಳಿದಿರಬಹುದು. ಅಂಥ ಮತಗಟ್ಟೆಯಲ್ಲಿ ಮತದಾನ ಕಡಿಮೆ ಕಂಡರೆ ಬೇಸರವೆಂದು ಬರೆಯುವ ಮೊದಲು ಒಟ್ಟು ಮತದಾರರ ಸಂಖ್ಯೆ ಹಿಂದಿನ ಚುನಾವಣೆಗಿಂತ ಎಷ್ಟು ಬದಲಾಗಿದೆ ನೋಡಿ.