ಮಡಿಕೇರಿಯ ಮೈಕಿನ ಮುಂದೆ ಯೆಮೆನ್, ಢಾಕಾ, ಕೊಲಂಬೊ

ರೇಡಿಯೊದಲ್ಲಿ ನಾನು ಹೊರದೇಶಗಳ ವಿಷಯದ ಚರ್ಚೆ ನಡೆಸುತ್ತೇನೆ. ಯುದ್ಧ, ಚಳವಳಿ, ಸರ್ಕಾರ ಬೀಳುವುದು, ಜನ ಊರು ಬಿಡುವುದು, ಇಂಥವೇ. ಸ್ಟುಡಿಯೊ ಮಡಿಕೇರಿಯಲ್ಲಿದೆ. ಕೇಳುಗರು ಶನಿವಾರಸಂತೆಯಿಂದ ಕುಟ್ಟದವರೆಗೂ ಇದ್ದಾರೆ. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ, ಕಾಫಿ ಕಣದಲ್ಲಿ, ಅಡುಗೆಮನೆಯಲ್ಲಿ, ಜೀಪಿನಲ್ಲಿ ಕೇಳುತ್ತಾರೆ. ಗುಡ್ಡದ ಮರೆಗೆ ರೇಡಿಯೊ ಸಿಗ್ನಲ್ ಸಿಗದ ಕಡೆ ಮೊಬೈಲಿನಲ್ಲಿ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಇದನ್ನೇ: "ಮೇಡಂ, ಯೆಮೆನ್ ಸುದ್ದಿ ಕಟ್ಟಿಕೊಂಡು ಕೊಡಗಿನವರಿಗೆ ಏನಾಗಬೇಕು? ಯಾರು ಕೇಳ್ತಾರೆ?"

ಕೇಳುತ್ತಾರೆ. ಹೇಳುವ ರೀತಿ ಗೊತ್ತಿರಬೇಕು ಅಷ್ಟೆ.

2023ರ ನವೆಂಬರ್‌ನಲ್ಲಿ ಯೆಮೆನ್‌ನ ಹೌತಿ ಎಂಬ ಬಂಡುಕೋರ ಪಡೆ ಕೆಂಪು ಸಮುದ್ರದಲ್ಲಿ 'ಗ್ಯಾಲಕ್ಸಿ ಲೀಡರ್' ಎಂಬ ಹಡಗನ್ನು ಹಿಡಿಯಿತು. ಆಮೇಲೆ ಒಂದಾದ ಮೇಲೊಂದು ಹಡಗಿನ ಮೇಲೆ ದಾಳಿ ನಡೆಯಿತು. ದೊಡ್ಡ ಕಂಪನಿಗಳು ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾವನ್ನು ಸುತ್ತಿ ಹೋಗತೊಡಗಿದವು. ಇಲ್ಲಿ ಆಗ ಕೊಯ್ಲಿನ ಸಮಯ. ನಮ್ಮ ಕಾಫಿ ಜಾಸ್ತಿ ಹೋಗುವುದು ಯುರೋಪಿಗೆ. ಇಟಲಿ ದೊಡ್ಡ ಗಿರಾಕಿ. ಆ ಕಾಫಿಯ ದಾರಿ ಇದೇ ಕೆಂಪು ಸಮುದ್ರ. ಹಡಗು ಸುತ್ತಿ ಹೋದರೆ ಎರಡು ವಾರದ ಹತ್ತಿರ ತಡ, ಬಾಡಿಗೆ ದುಬಾರಿ. ನಾನು ಚರ್ಚೆ ಶುರು ಮಾಡಿದ್ದು ಅಲ್ಲಿಂದಲೇ. ಮಂಗಳೂರು ಬಂದರಿನಲ್ಲಿ ಕಾಫಿ ಮೂಟೆ ತುಂಬಿದ ಒಂದು ಕಂಟೇನರ್ ಹಡಗು ಹತ್ತಿ ಹೊರಟಿತು ಅಂದುಕೊಳ್ಳಿ, ಅದು ಎಲ್ಲೆಲ್ಲಿ ಹಾದು ಹೋಗುತ್ತದೆ ನೋಡೋಣ ಎಂದೆ. ಅರಬ್ಬಿ ಸಮುದ್ರ, ಏಡನ್ ಕೊಲ್ಲಿ, ಬಾಬ್ ಅಲ್ ಮಂದಬ್ ಎಂಬ ಇಕ್ಕಟ್ಟಾದ ಜಲಸಂಧಿ. ಎಡಕ್ಕೆ ಆಫ್ರಿಕಾ, ಬಲಕ್ಕೆ ಯೆಮೆನ್. ಸ್ವಲ್ಪ ಮುಂದೆ ಬಲಗಡೆಯ ದಡದಲ್ಲೇ ಮೋಖಾ ಬಂದರು. ಒಂದು ಕಾಲಕ್ಕೆ ಜಗತ್ತಿಗೆಲ್ಲ ಕಾಫಿ ಹೋಗುತ್ತಿದ್ದುದು ಆ ಬಂದರಿನಿಂದ. ಬಾಬಾ ಬುಡನ್ ಏಳು ಕಾಫಿ ಬೀಜ ತಂದರು ಎಂಬ ಕಥೆ ಇದೆಯಲ್ಲ, ಅದೂ ಯೆಮೆನ್‌ನಿಂದಲೇ.

ಇಲ್ಲಿಗೆ ಕೇಳುಗರು ಕಿವಿಗೊಟ್ಟಿರುತ್ತಾರೆ. ಫೋನ್ ಬರುತ್ತದೆ. "ಮೇಡಂ, ಚೆರ್ರಿ ರೇಟ್ ಏನಾಗುತ್ತೆ?" ಎನ್ನುತ್ತಾರೆ. ಚೆರ್ರಿ ಅಂದರೆ ಒಣಗಿಸಿದ ಕಾಫಿ ಹಣ್ಣು. ಅದಕ್ಕೂ ಸರಿಯಾದ ಉತ್ತರ ಕೊಡಬೇಕು. ರೊಬಸ್ಟಾ ಕಾಫಿಯ ಬೆಲೆ ಆ ವರ್ಷ ಏರಿದ್ದಕ್ಕೆ ದೊಡ್ಡ ಕಾರಣ ವಿಯೆಟ್ನಾಂನ ಬರ, ಅಲ್ಲಿ ಫಸಲು ಕಡಿಮೆಯಾದದ್ದು. ಹಡಗಿನ ಬಾಡಿಗೆಯ ಹೊರೆ ಬೇರೆ ಲೆಕ್ಕ. ಎರಡನ್ನೂ ಕಲಸಿಬಿಟ್ಟರೆ ಕೇಳುಗರಿಗೆ ತಪ್ಪು ತಿಳಿವಳಿಕೆ ಕೊಟ್ಟ ಹಾಗೆ.

ಆದರೆ ಕಾಫಿಯಲ್ಲಿ ಶುರು ಮಾಡಿ ಕಾಫಿಯಲ್ಲೇ ಮುಗಿಸಬಾರದು. ಈ ಕೆಲಸದಲ್ಲಿ ನಾನು ಬಿಡದೆ ಹಿಡಿದುಕೊಂಡಿರುವ ಮಾತು ಇದೊಂದೇ. ನಮ್ಮ ಮೂಟೆಗೆ ಎಷ್ಟು ಬಾಡಿಗೆ ಎಂಬಲ್ಲಿಗೆ ನಿಂತುಬಿಟ್ಟರೆ ಯೆಮೆನ್‌ನಲ್ಲಿ ಮನುಷ್ಯರೇ ಇಲ್ಲ ಎಂದಂತಾಯಿತು, ಅಲ್ವಾ? ಹೌತಿಗಳು ರಾಜಧಾನಿ ಸನಾವನ್ನು ಹಿಡಿದದ್ದು 2014ರಲ್ಲಿ. ಸೌದಿ ಅರೇಬಿಯದ ನೇತೃತ್ವದಲ್ಲಿ ಬಾಂಬ್ ದಾಳಿ ಶುರುವಾದದ್ದು 2015ರ ಮಾರ್ಚ್‌ನಲ್ಲಿ. 2021ರ ಕೊನೆಗೆ ಈ ಯುದ್ಧದಿಂದ ಸತ್ತವರು 3,77,000 ಎಂದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಂದಾಜು ಮಾಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗುಂಡಿಗೆ, ಬಾಂಬಿಗೆ ಸತ್ತವರಲ್ಲ. ಹಸಿವಿನಿಂದ, ಕೊಳಕು ನೀರಿನಿಂದ, ಔಷಧಿ ಸಿಗದೆ ಸತ್ತವರು.

ಇಂಥ ಸಂಖ್ಯೆಯನ್ನು ಸುಮ್ನೆ ಓದಿದರೆ ರೇಡಿಯೊದಲ್ಲಿ ಅದು ಕಿವಿಗೆ ತಾಗುವುದೇ ಇಲ್ಲ. ಪೇಪರಿನಲ್ಲಾದರೆ ಇನ್ನೊಮ್ಮೆ ನೋಡಬಹುದು. ಹಾಗಾಗಿ ಒಂದು ಕಂತಿಗೆ ಎರಡು ಮೂರು ಸಂಖ್ಯೆ ಮಾತ್ರ ಇಟ್ಟುಕೊಳ್ಳುತ್ತೇನೆ, ಅವನ್ನು ನಮ್ಮ ಜಿಲ್ಲೆಯ ಪಕ್ಕದಲ್ಲಿಟ್ಟು ಹೇಳುತ್ತೇನೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಯೆಮೆನ್‌ನಲ್ಲಿ ಸತ್ತವರ ಸಂಖ್ಯೆ ಅದರ ಮೂರರಲ್ಲಿ ಎರಡು ಪಾಲು. ನಿಮ್ಮ ಊರು, ಪಕ್ಕದ ಊರು, ಎರಡೂ ಖಾಲಿ, ಮೂರನೆಯ ಊರಲ್ಲಿ ಮಾತ್ರ ಜನ ಇದ್ದಾರೆ ಅಂದುಕೊಳ್ಳಿ ಎಂದೆ. ಆ ದಿನ ಫೋನ್ ಮಾಡಿದವರು ಯಾರೂ ರೇಟಿನ ಮಾತು ಎತ್ತಲಿಲ್ಲ.

ಗಾಜಾ ವಿಷಯಕ್ಕೂ ಹೀಗೇ ಮಾಡಿದೆ. ಗಾಜಾ ಪಟ್ಟಿ 365 ಚದರ ಕಿಲೋಮೀಟರ್, ಕೊಡಗು 4,102. ನಮ್ಮ ಜಿಲ್ಲೆಯೊಳಗೆ ಹನ್ನೊಂದು ಗಾಜಾ ಹಿಡಿಯುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ. ಈ ವಿಷಯದಲ್ಲಿ ಕೇಳುಗರು ಮೊದಲೇ ಒಂದೊಂದು ಕಡೆ ನಿಂತಿರುತ್ತಾರೆ. ಆದ್ದರಿಂದ ಚರ್ಚೆಯ ಮೊದಲ ನಿಮಿಷದಲ್ಲೇ ಎರಡೂ ಕಡೆಯ ಸಾವನ್ನು ಹೇಳುತ್ತೇನೆ. 2023ರ ಅಕ್ಟೋಬರ್ 7ರಂದು ಗಾಜಾದ ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಒತ್ತೆಯಾಳಾಗಿ ಎಳೆದೊಯ್ದರು. ಅದಾದ ಮೇಲೆ ಗಾಜಾದಲ್ಲಿ ಸತ್ತವರ ಲೆಕ್ಕ ಹತ್ತಾರು ಸಾವಿರ, ಅದನ್ನು ಇಟ್ಟಿರುವುದು ಅಲ್ಲಿನ ಆರೋಗ್ಯ ಸಚಿವಾಲಯ. ಯಾರ ಲೆಕ್ಕ ಎಂಬುದನ್ನು ಪ್ರತಿ ಸಲವೂ ಹೇಳಬೇಕು. ಒಂದು ಕಡೆಯ ಸಾವನ್ನು ಆಮೇಲೆ ಹೇಳೋಣ ಎಂದು ಇಟ್ಟುಕೊಂಡರೆ, ಆ ಕಡೆಯ ಕೇಳುಗ ಅಷ್ಟರಲ್ಲಿ ರೇಡಿಯೊ ಆಫ್ ಮಾಡಿರುತ್ತಾನೆ.

ನಿಯಮದ ಮಾತನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ಆಗಲಿ ಸಮುದಾಯ ರೇಡಿಯೊ ಆಗಲಿ ತಮ್ಮದೇ ಸುದ್ದಿ ಬಿತ್ತರಿಸುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಕೊಡಬಹುದು, ಅಷ್ಟೆ. ಆಕಾಶವಾಣಿಗೂ ಒಂದು ಸಂಹಿತೆ ಇದೆ. ಅದರಲ್ಲಿ ಮೊದಲಿಗೇ ಬರುವುದು ಮಿತ್ರ ದೇಶಗಳನ್ನು ಟೀಕಿಸಬಾರದು ಎಂಬ ಮಾತು. ಹಾಗಾದರೆ ಶ್ರೀಲಂಕಾದ ಚಳವಳಿಯ ಬಗ್ಗೆ ಏನು ಮಾತಾಡುವುದು ಎಂದು ಹೊಸಬರು ಕೈಚೆಲ್ಲುತ್ತಾರೆ. ನಾನು ಕಂಡುಕೊಂಡ ದಾರಿ ಸರಳ. ಆ ದೇಶದವರ ಬಾಯಿಂದಲೇ ಹೇಳಿಸುವುದು. ಅವರ ಜನ, ಅವರ ಕೋರ್ಟು, ಅವರ ಪಾರ್ಲಿಮೆಂಟು ಏನು ಹೇಳಿತು ಎಂಬುದನ್ನು ತಾರೀಖು ಸಮೇತ ಮುಂದಿಡುವುದು. 2023ರ ನವೆಂಬರ್‌ನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟೇ ಆರ್ಥಿಕ ಕುಸಿತಕ್ಕೆ ದೇಶ ಆಳಿದ ರಾಜಪಕ್ಸ ಸೋದರರು ಹೊಣೆ ಎಂದು ತೀರ್ಪು ಕೊಟ್ಟಿತು. ಇದಕ್ಕಿಂತ ಗಟ್ಟಿಯಾದ ಮಾತು ನಾನೇನು ಆಡಲಿ?

ಶ್ರೀಲಂಕಾ ಕೊಡಗಿನವರಿಗೆ ಬೇಗ ಅರ್ಥವಾಯಿತು. ಕಾರಣ ಗೊಬ್ಬರ. 2021ರಲ್ಲಿ ಅಲ್ಲಿನ ಸರ್ಕಾರ ಒಂದೇ ಏಟಿಗೆ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿತು. ಭತ್ತ ಹೋಯಿತು, ಚಹಾ ಇಳುವರಿ ಬಿತ್ತು. ವರ್ಷ ಮುಗಿಯುವುದರೊಳಗೆ ನಿಷೇಧ ಹಿಂದೆ ಪಡೆದರು, ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. 2022ರ ಏಪ್ರಿಲ್‌ನಲ್ಲಿ ಹೊರಗಿನ ಸಾಲ ತೀರಿಸಲಾಗದು ಎಂದು ಕೈಯೆತ್ತಿದರು. ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಜನ ಟೆಂಟ್ ಹಾಕಿ ಕೂತರು. ಜುಲೈ 9ರಂದು ಅಧ್ಯಕ್ಷರ ಮನೆಗೇ ನುಗ್ಗಿದರು. ಗೊಟಬಯ ರಾಜಪಕ್ಸ ದೇಶ ಬಿಟ್ಟು ಹೋಗಿ ಸಿಂಗಪುರದಿಂದ ರಾಜೀನಾಮೆ ಕಳಿಸಿದರು.

ಆ ಕಂತಿಗೆ ಪ್ರೊಫೆಸರ್ ಒಬ್ಬರ ಜೊತೆಗೆ ಒಬ್ಬ ಅಜ್ಜನನ್ನೂ ಕರೆಸಿದ್ದೆ. ಸಂಪಾಜೆ ಘಾಟಿ ಇಳಿದರೆ ಸುಳ್ಯ ಕಡೆಯ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಬಂದವರು. 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, ಮೂರು ಲಕ್ಷ ಜನರನ್ನು ಅವರು ಇಟ್ಟುಕೊಳ್ಳುವುದು ಎಂದು ಆಗ ತೀರ್ಮಾನವಾಗಿತ್ತು. ಜನರನ್ನು ಹೀಗೆ ಪಾಲು ಮಾಡಿಕೊಂಡರಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಅಜ್ಜ ಹುಟ್ಟಿದ್ದು ಅಲ್ಲಿಯ ಚಹಾ ತೋಟದಲ್ಲಿ. ಕನ್ನಡದಲ್ಲೇ ಮಾತಾಡಿದರು, ನಡುನಡುವೆ ತಮಿಳು. "ಆ ಟೆಂಟಿನಲ್ಲಿ ಸಿಂಹಳದವರೂ ನಮ್ಮವರೂ ಒಟ್ಟಿಗೆ ಕೂತಿದ್ದರು ಅಂತ ಮೊಮ್ಮಗ ಮೊಬೈಲಲ್ಲಿ ತೋರಿಸಿದ. ಅದನ್ನ ನೋಡಿದೆನಲ್ಲ, ಸಾಕು" ಎಂದರು. ಪ್ರೊಫೆಸರ್ ಮುಂದೆ ಏನು ಹೇಳಬೇಕೆಂದಿದ್ದರೋ, ಸ್ವಲ್ಪ ಹೊತ್ತು ಸುಮ್ಮನಾದರು. ನಾನೂ ಆ ಮೌನವನ್ನು ತುಂಬಲು ಹೋಗಲಿಲ್ಲ.

ಅತಿಥಿಗಳ ವಿಷಯದಲ್ಲಿ ಕೊಡಗಿಗೆ ಒಂದು ಭಾಗ್ಯ ಇದೆ. ಸೈನ್ಯದಲ್ಲಿ ಇದ್ದು ಬಂದವರು ಊರೂರಲ್ಲಿ ಸಿಗುತ್ತಾರೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಇದ್ದವರೂ ಇದ್ದಾರೆ. ಆ ವಿಷಯಕ್ಕೆ ನಾನು ಜನರಲ್ ತಿಮ್ಮಯ್ಯನವರಿಂದ ಶುರು ಮಾಡುತ್ತೇನೆ. ಕೊರಿಯಾ ಯುದ್ಧ ಮುಗಿದ ಮೇಲೆ 1953ರಲ್ಲಿ, ತಮ್ಮ ದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. 1964ರಲ್ಲಿ ಸೈಪ್ರಸ್‌ನ ಶಾಂತಿಪಡೆಯ ಕಮಾಂಡರ್ ಆದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಮಡಿಕೇರಿಯಲ್ಲಿರುವ ಅವರ 'ಸನ್ನಿ ಸೈಡ್' ಮನೆಯನ್ನು ಎಲ್ಲರೂ ನೋಡಿರುತ್ತಾರೆ, ಆದರೆ ಸೈಪ್ರಸ್ ಇವತ್ತಿಗೂ ಎರಡು ಪಾಲಾಗಿಯೇ ಇದೆ, ಶಾಂತಿಪಡೆ ಇನ್ನೂ ಅಲ್ಲೇ ಇದೆ ಎಂದರೆ ಅಚ್ಚರಿಪಡುತ್ತಾರೆ. ಲೆಬನಾನ್‌ನಲ್ಲಿದ್ದು ಬಂದ ಒಬ್ಬ ನಿವೃತ್ತ ಸುಬೇದಾರರನ್ನು ಕೂರಿಸಿಕೊಂಡು ರಣತಂತ್ರ ಕೇಳಲಿಲ್ಲ. ಕ್ಯಾಂಪಿನ ಗೇಟಿಗೆ ಯಾರು ಬರುತ್ತಿದ್ದರು, ಮಕ್ಕಳು ಏನು ಕೇಳುತ್ತಿದ್ದರು, ಗುಂಡಿನ ಸದ್ದಾದರೆ ನಿಮಗೆ ಏನು ಮಾಡಲು ಅಪ್ಪಣೆ ಇತ್ತು ಎಂದು ಕೇಳಿದೆ. ನೀಲಿ ಟೋಪಿ ಹಾಕಿದವನ ಕೈ ಎಷ್ಟು ಕಟ್ಟಿರುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ನನಗೆ ಅತಿ ಕಷ್ಟದ ಕಂತು ಬಾಂಗ್ಲಾದೇಶದ್ದು. 2024ರ ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ಶೇಖ್ ಹಸೀನಾ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. ಚರ್ಚೆಗೆ ಕೂತಾಗ ಎರಡು ಕಡೆ ಮಾತು ಜಾರುತ್ತದೆ ಎಂದು ನನಗೆ ಗೊತ್ತಿತ್ತು.

ಮೊದಲನೆಯದು ಮೀಸಲಾತಿ. ವಿದ್ಯಾರ್ಥಿಗಳು ಎದ್ದದ್ದು ಕೋಟಾ ವಿರುದ್ಧ ಎಂದೊಡನೆ ಕೇಳುಗರು ನಮ್ಮ ಮೀಸಲಾತಿಯ ಜಗಳ ತೆಗೆಯುತ್ತಾರೆ. ಅದಕ್ಕೇ ಆರಂಭದಲ್ಲೇ ಬಿಡಿಸಿ ಹೇಳಿದೆ. ಅಲ್ಲಿ ಸರ್ಕಾರಿ ಕೆಲಸದಲ್ಲಿ ನೂರಕ್ಕೆ 30 ಇಟ್ಟಿದ್ದು 1971ರಲ್ಲಿ ಹೋರಾಡಿದವರ ಮನೆಯವರಿಗೆ. ಜಾತಿಯಿಂದ ಹಿಂದೆ ಬಿದ್ದವರಿಗೆ ಕೊಟ್ಟದ್ದಲ್ಲ. ಜುಲೈ 21ರಂದು ಅವರ ಸುಪ್ರೀಂ ಕೋರ್ಟ್ ಅದನ್ನು ನೂರಕ್ಕೆ 5ಕ್ಕೆ ಇಳಿಸಿತು. ಅಷ್ಟು ಹೊತ್ತಿಗೆ ಬೀದಿಯಲ್ಲಿ ಹೆಣ ಬಿದ್ದಿದ್ದವು, ಕೋಪ ಸರ್ಕಾರದ ಮೇಲೆಯೇ ತಿರುಗಿತ್ತು. ಜುಲೈ 1ರಿಂದ ಆಗಸ್ಟ್ 15ರವರೆಗೆ 1,400 ಜನರವರೆಗೆ ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಆಮೇಲೆ ಹೇಳಿತು.

ಎರಡನೆಯದು ನಮ್ಮ ತೋಟದ ಕೆಲಸಗಾರರು. ಅಸ್ಸಾಂನಿಂದ ಬಂದವರು ಇಲ್ಲದೆ ಇವತ್ತು ಕೊಡಗಿನಲ್ಲಿ ಕೊಯ್ಲು ಸಾಗುವುದೇ ಕಷ್ಟ. ಅವರಲ್ಲಿ ಬಂಗಾಳಿ ಮಾತಾಡುವವರು ಬಹಳ. ಸಿದ್ದಾಪುರದ ಕಡೆಯಿಂದ ಒಬ್ಬರು ಫೋನ್ ಮಾಡಿ, "ಇಲ್ಲಿರೋರೂ ಅಲ್ಲಿಯವರೇ ಮೇಡಂ, ಎಲ್ಲಾ ಒಂದೇ" ಎಂದರು. ಧ್ವನಿ ತಗ್ಗಿಸುವ ಫೇಡರ್ ಇಳಿಸಿ ಕರೆ ಕತ್ತರಿಸಬಹುದಿತ್ತು. ಕತ್ತರಿಸಿದರೆ ಆ ಮಾತು ಹೊರಗೆ ಇನ್ನೂ ಜೋರಾಗುತ್ತದೆ. "ಅಣ್ಣ, ನಿಮ್ಮ ತೋಟದಲ್ಲಿ ಎಷ್ಟು ಜನ ಇದ್ದಾರೆ? ಅವರ ಊರು ಯಾವುದು ಅಂತ ಕೇಳಿದ್ದೀರಾ?" ಎಂದು ಕೇಳಿದೆ. ಸ್ವಲ್ಪ ತಡೆದು, "ಬಾರ್ಪೇಟಾ ಅಂತಾರೆ" ಎಂದರು. ಬಾರ್ಪೇಟಾ ಅಸ್ಸಾಂನ ಜಿಲ್ಲೆ, ಬ್ರಹ್ಮಪುತ್ರದ ಪ್ರವಾಹಕ್ಕೆ ಮತ್ತೆ ಮತ್ತೆ ಸಿಕ್ಕುವ ಊರುಗಳು ಅಲ್ಲಿವೆ ಎಂದು ವಿವರಿಸಿದೆ. ಯಾರ ದಾಖಲೆ ಸರಿ ಎಂದು ನೋಡುವುದು ಪೊಲೀಸರ ಕೆಲಸ, ಮೈಕಿನ ಕೆಲಸ ಅಲ್ಲ, ಈಗ ಢಾಕಾದ ಹುಡುಗರು ಏನು ಕೇಳಿದರು ಎಂಬಲ್ಲಿಗೆ ಮರಳೋಣ ಎಂದೆ. ಆ ಅಣ್ಣ ಲೈನಿನಲ್ಲೇ ಉಳಿದರು. "ಕೆಲಸ ಕೇಳಿದ್ದು ತಪ್ಪಲ್ಲ ಬಿಡಿ, ನನ್ನ ಮಗನೂ ಡಿಗ್ರಿ ಮಾಡಿ ಮನೇಲಿದ್ದಾನೆ" ಎಂದರು. ಫೋನ್ ಮಾಡಿದವರನ್ನು ಅವಮಾನ ಮಾಡದೆ ಪ್ರಶ್ನೆ ಕೇಳಿದರೆ, ಅವರೇ ಹೀಗೆ ಒಂದು ಹೆಜ್ಜೆ ಮುಂದೆ ಬರುವುದುಂಟು.

ಕೆಲವು ಮಾತುಗಳಿಗೆ ಮಾತ್ರ ನನ್ನಲ್ಲಿ ಜಾಗ ಇಲ್ಲ. ಒಂದು ಜನಾಂಗವನ್ನು ಹುಳ, ಹಾವು, ರೋಗ ಎಂದರೆ ಆ ಕ್ಷಣವೇ ಫೇಡರ್ ಇಳಿಸುತ್ತೇನೆ. ಯಾಕೆ ಎಂದು ಕೇಳುಗರಿಗೂ ಹೇಳುತ್ತೇನೆ. ರುವಾಂಡಾದಲ್ಲಿ 1993ರ ಜುಲೈನಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಶುರುವಾಯಿತು. ಸರ್ಕಾರಿ ರೇಡಿಯೊದ ಹಾಗೆ ಬಿಗಿಯಾಗಿರಲಿಲ್ಲ. ಹಾಡು, ಹರಟೆ, ಕೇಳುಗರ ಫೋನು. ಜನ ಮೆಚ್ಚಿಕೊಂಡರು. ಅದೇ ಹರಟೆಯಲ್ಲಿ ಅಲ್ಲಿನ ಟುಟ್ಸಿ ಜನಾಂಗದವರನ್ನು ಜಿರಳೆ ಎಂದು ಕರೆಯುತ್ತ ಹೋದರು. 1994ರ ಏಪ್ರಿಲ್‌ನಿಂದ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆಯಾಯಿತು. ಯಾರು ಎಲ್ಲಿ ಅಡಗಿದ್ದಾರೆ ಎಂದು ಆ ರೇಡಿಯೊ ಹೆಸರು ಹಿಡಿದು ಹೇಳಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಅದನ್ನು ಕಟ್ಟಿದವರಲ್ಲಿ ಇಬ್ಬರಿಗೆ ಶಿಕ್ಷೆ ಕೊಟ್ಟಿತು. ನಾನು ಮಾಡುವ ಕೆಲಸವೂ ಮೈಕು, ಫೋನು, ಸಲುಗೆಯ ಮಾತು ಇವುಗಳದ್ದೇ. ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಇನ್ನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಟಿವಿಯಲ್ಲಿ ಸುದ್ದಿ ಮುಗಿದ ಮೇಲೆ ಆ ದೇಶಕ್ಕೆ ಮತ್ತೆ ಹೋಗುವುದು. ಸುದ್ದಿಯಲ್ಲೇ ಇರದವರ ಕಡೆಗೂ ಹೋಗುವುದು. ಕುಶಾಲನಗರದ ಸೇತುವೆ ದಾಟಿದರೆ ಬೈಲುಕುಪ್ಪೆ. ಪ್ರತಿ ಮಾರ್ಚ್ 10ರಂದು ಅಲ್ಲಿಯ ಟಿಬೆಟನ್ನರು 1959ರ ಲಾಸಾ ದಂಗೆಯನ್ನು ನೆನೆಯುತ್ತಾರೆ. ನಮ್ಮವರು ಚಿನ್ನದ ದೇವಸ್ಥಾನ ನೋಡಲು ಹೋಗಿ ಬರುತ್ತಾರೆ, ಅವರು ಊರು ಬಿಟ್ಟದ್ದು ಯಾಕೆ ಎಂದು ಕೇಳುವವರು ಕಡಿಮೆ. ಪ್ರತಿ ವರ್ಷ ಆ ವಾರಕ್ಕೆ ಅಲ್ಲಿಂದ ಒಬ್ಬರನ್ನು ಕರೆಯುತ್ತೇನೆ.

2024ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾದಲ್ಲಿ ಅನುರ ಕುಮಾರ ದಿಸ್ಸಾನಾಯಕೆ ಅಧ್ಯಕ್ಷರಾಗಿ ಗೆದ್ದಾಗ ರಬ್ಬರ್ ತೋಟದ ಅಜ್ಜನನ್ನು ಮತ್ತೆ ಮಾತಾಡಿಸಿದೆ. ಗೆದ್ದವರ ಬಗ್ಗೆ ಅವರು ಜಾಸ್ತಿ ಹೇಳಲಿಲ್ಲ. ಅಲ್ಲಿಯ ಚಹಾ ತೋಟದವರು ದಿನಕ್ಕೆ 1,700 ರೂಪಾಯಿ ಕೂಲಿ ಕೇಳುತ್ತಿದ್ದರು, ಅದು ಸಿಕ್ಕಿತಾ ಎಂದು ನನ್ನನ್ನೇ ಕೇಳಿದರು. ಆ ದಿನ ಜಾಸ್ತಿ ಫೋನ್ ಬಂದದ್ದು ಲೈನ್ ಮನೆಗಳಿಂದ. ಲಂಕಾದ 1,700 ಅಂದರೆ ನಮ್ಮ ಎಷ್ಟು, ಕೆಲಸ ಎಷ್ಟು ಗಂಟೆ, ಮನೆ ಕೊಡುತ್ತಾರಾ, ಹೆಂಗಸರಿಗೂ ಅಷ್ಟೇನಾ ಎಂದು ಕೇಳಿದರು. ಹತ್ತಿರ ಹತ್ತಿರ 470 ಎಂದು ಲೆಕ್ಕ ಹಾಕಿ ಹೇಳಿದೆ. ಉಳಿದ ಪ್ರಶ್ನೆಗಳಿಗಾಗಿ ಮುಂದಿನ ವಾರವನ್ನೂ ಅದೇ ವಿಷಯಕ್ಕೆ ಇಟ್ಟೆವು.