ಲೈನ್ ಮನೆಯ ಪದವೀಧರರಿಗೆ ಸನ್ಮಾನ: ಮಾಡುವ ಬಗೆ, ಆಮೇಲಿನ ಕೆಲಸ

ತಮಿಳುನಾಡು, ಜಾರ್ಖಂಡ್, ಅಸ್ಸಾಂ ಕಡೆಯಿಂದ ಕೂಲಿಗೆ ಬಂದು ಮಲೆನಾಡಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ನೆಲೆ ನಿಂತವರ ಮಕ್ಕಳು ಡಿಗ್ರಿ ಮುಗಿಸಿದರೆ ಊರೇ ಕರೆದು ಗೌರವಿಸಬೇಕು. ಆದರೆ ಹಾರ, ಶಾಲಿಗೇ ಮುಗಿಸಿದರೆ ಅದೇ ಲೈನಿನಲ್ಲಿ ಹತ್ತನೇ ಕ್ಲಾಸು ಓದುವ ಮಗುವಿಗೆ ಏನೂ ದಕ್ಕುವುದಿಲ್ಲ. ಹಾಗಾಗಿ ವೇದಿಕೆಯ ಪಕ್ಕದಲ್ಲೇ ಕಾಗದಪತ್ರ ನೋಡುವ ಒಂದು ಮೇಜು ಇರಲಿ.

ಜುಲೈ, ಆಗಸ್ಟಿನ ಮಳೆಯಲ್ಲಿ ಬೇಡ. ನವೆಂಬರ್ ನಂತರ ಕಾಫಿ, ಅಡಿಕೆ ಕೊಯ್ಲು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರಗಳು ಒಳ್ಳೆಯವು. ಸಂತೆಗೆಂದು ತೋಟಕ್ಕೆ ರಜೆ ಇರುವ ದಿನ ಇಟ್ಟುಕೊಂಡರೆ ಅಪ್ಪ ಅಮ್ಮನ ಕೂಲಿ ತಪ್ಪುವುದಿಲ್ಲ. ಹತ್ತಕ್ಕೆ ಶುರು ಮಾಡಿ ಹನ್ನೆರಡೂವರೆಗೆ ಬಿಡಿ, ಅವರು ಸಂತೆ ಮುಗಿಸಿ ಬಸ್ಸು ಹಿಡಿಯಬೇಕು. ನೂರು ಜನಕ್ಕೆ ಉಪ್ಪಿಟ್ಟಿಗೆ ಆರೂವರೆ ಕೆಜಿ ರವೆ ಸಾಕು.

ಭಾಷಣ ಎರಡೇ, ತಲಾ ಐದು ನಿಮಿಷ. ಪದವೀಧರರು ಯಾವ ಹಾಸ್ಟೆಲಿನಲ್ಲಿದ್ದರು, ಫೀಸು ಎಷ್ಟಾಯಿತು, ಎಲ್ಲಿ ತೊಡಕಾಯಿತು ಎಂದು ಹೇಳಲಿ. ಕಿರಿಯರಿಗೆ ಬೇಕಾಗಿರುವುದು ಅದೇ. ಶಾಲು ತಾಯಿತಂದೆಗೂ ಹೊದಿಸಿ. ಅವರು ತಮಿಳಿನಲ್ಲೋ ಸಾದರಿಯಲ್ಲೋ (ಜಾರ್ಖಂಡ್, ಅಸ್ಸಾಂ ಕಡೆಯ ಮಾತು) ಮಾತಾಡಿದರೆ ಮಕ್ಕಳೇ ಕನ್ನಡದಲ್ಲಿ ಹೇಳಲಿ. ಬಡತನವನ್ನು ಮೈಕಿನಲ್ಲಿ ವರ್ಣಿಸುವುದು ಬೇಡವೇ ಬೇಡ, ಅದು ಅವಮಾನ.

ಇನ್ನು ಮೇಜಿನ ಕೆಲಸ. ಸಿಇಟಿಯಲ್ಲಿ (ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆ) ಕರ್ನಾಟಕದವರೆಂದು ಸೀಟು ಕೇಳಲು ಸಾಮಾನ್ಯ ದಾರಿ ಇದು: ಒಂದರಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಇಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲಿ ಪಾಸಾಗಿರಬೇಕು. ತೋಟ ಬದಲಾದಂತೆ ಶಾಲೆಯೂ ಬದಲಾಗಿರುತ್ತದೆ, ನಡುವೆ ಎರಡು ವರ್ಷ ಊರಿಗೆ ಹೋಗಿರುತ್ತಾರೆ. ಒಂದೊಂದು ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತಂದು ವರ್ಷ ಕೂಡಿಸಿ ನೋಡಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಪೂರ್ತಿ ಲೆಕ್ಕ ಬೇಕು.

ಅತಿ ಹೆಚ್ಚು ಕೆಡುವುದು ಹೆಸರು. ಆಧಾರಿನಲ್ಲಿ ‘ಎಂ. ಸೆಲ್ವಿ’, ಶಾಲೆ ದಾಖಲೆಯಲ್ಲಿ ‘ಸೆಲ್ವಿ ಮುರುಗನ್’, ಬ್ಯಾಂಕಿನಲ್ಲಿ ಮತ್ತೊಂದು: ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ನಿಲ್ಲುತ್ತದೆ. ಶಾಲೆಯ ದಾಖಲೆ ತಿದ್ದಿಸುವುದಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸುವ ಮೊದಲೇ ಆಗಬೇಕು. ಅಂಕಪಟ್ಟಿ ಬಂದ ಮೇಲೆ ಪರೀಕ್ಷಾ ಮಂಡಳಿಯವರೆಗೂ ಅಲೆಯಬೇಕಾಗುತ್ತದೆ. ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಬೀಳುವುದರಿಂದ ಅದನ್ನೂ ಬ್ಯಾಂಕಿನಲ್ಲಿ ವಿಚಾರಿಸಿ.

ಜಾತಿ ಪ್ರಮಾಣಪತ್ರದಲ್ಲಿ ಮಾತು ಕೊಡುವ ಮುನ್ನ ಎಚ್ಚರ. ಹುಟ್ಟೂರಿನ ರಾಜ್ಯದ ಪರಿಶಿಷ್ಟ ಜಾತಿ, ಪಂಗಡದ ಸ್ಥಾನ ವಲಸೆ ಬಂದವರ ಜೊತೆ ತಾನಾಗಿ ಇಲ್ಲಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ತಹಶೀಲ್ದಾರ್ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಹೋಗುವವರಾದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ, ಮಕ್ಕಳ ಓದಿಗೆ ಸಹಾಯಧನವಿದೆ.

ಕೊನೆಗೆ ಒಬ್ಬೊಬ್ಬ ಪದವೀಧರರಿಗೂ ಇಬ್ಬರು ಹತ್ತನೇ ಕ್ಲಾಸಿನ ಮಕ್ಕಳನ್ನು ಒಪ್ಪಿಸಿ, ಫೋನ್ ನಂಬರು ಬರೆದುಕೊಡಿ. ಡಿಸೆಂಬರಿನಲ್ಲಿ ಒಮ್ಮೆ, ರಿಸಲ್ಟ್ ಬಂದ ವಾರದಲ್ಲಿ ಒಮ್ಮೆ ಅವರು ಲೈನಿಗೇ ಹೋಗಿ ಮಕ್ಕಳ ಕಾಗದಪತ್ರದ ಫೈಲು ತೆಗೆಸಿ ನೋಡಲಿ.