ಸಿಟಿ ಸ್ಕ್ಯಾನ್ ಮೇಲೆ ಎಂಆರ್‌ಐ ಕೂರಿಸಿದ್ದು: ರಾಯಚೂರಿನಲ್ಲಿ ನನ್ನ ಅನುಭವ

ಸಿಟಿ, ಎಂಆರ್‌ಐ ಎರಡೂ ಸ್ಕ್ಯಾನ್‌ಗಳ ಚಿತ್ರವನ್ನು ಕಂಪ್ಯೂಟರಲ್ಲಿ ಒಂದರ ಮೇಲೊಂದು ಕೂರಿಸೋದು (ಫ್ಯೂಷನ್) ರಾಯಚೂರಲ್ಲಿ ಆಗದ ಮಾತು ಅಂದವರೇ ಜಾಸ್ತಿ. "ಎರಡೂ ಫಿಲ್ಮ್ ಬಾಜೂಕ ಇಟ್ಟು ನೋಡಿದ್ರ ಸಾಕಲ್ರೀ" ಅಂತಿದ್ದರು. ಇದಕ್ಕೆ ಬೇಕಾದ ವರ್ಕ್‌ಸ್ಟೇಷನ್‌ಗೆ ಕೊಟೇಶನ್ ತರಿಸಿದರೆ 15 ಲಕ್ಷದ ಮೇಲಿತ್ತು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ರ್‍ಯಾಮ್ ಏರಿಸಿದೆ. ಸುಮಾರು 60 ಸಾವಿರ ಆಯಿತು. ಚಿತ್ರ ಕೂರಿಸೋ 3ಡಿ ಸ್ಲೈಸರ್ ಪುಕ್ಕಟೆ. ಅದು ಸಂಶೋಧನೆಗೆ ಮಾಡಿದ ಸಾಫ್ಟ್‌ವೇರ್, ಹಾಗಾಗಿ ವರದಿಯನ್ನು ಡಾಕ್ಟರು ಮೂಲ ಚಿತ್ರ ನೋಡಿಯೇ ಬರೆಯುತ್ತಾರೆ.

ತಲೆಯಿಂದ ಶುರು ಮಾಡಿದೆ. ಬುರುಡೆ ಅಲುಗಾಡಲ್ಲ, ಸುಲಭ ಅಲ್ವಾ? ಆದರೆ ಹಳೆಯ ಸಿಟಿಗಳೆಲ್ಲ ಗ್ಯಾಂಟ್ರಿ (ಯಂತ್ರದ ಉಂಗುರದಂಥ ಭಾಗ) ಓರೆ ಮಾಡಿ ತೆಗೆದವು. ಓರೆ ಸರಿಪಡಿಸದೆ ಲೋಡ್ ಮಾಡಿದರೆ ಇಡೀ ತಲೆ ಜಾರಿದ ಇಸ್ಪೀಟ್ ಕಟ್ಟಿನಂತೆ ಕಾಣುತ್ತದೆ. ಆಕಾರ ಬದಲಿಸದೆ ಬರೀ ಸರಿಸಿ, ತಿರುಗಿಸಿ ಕೂರಿಸೋ ರಿಜಿಡ್ ರಿಜಿಸ್ಟ್ರೇಶನ್ ಎಷ್ಟು ಓಡಿಸಿದರೂ ಬುಡ ಕೂತರೆ ನೆತ್ತಿ ಕೂರಲ್ಲ. ತಿಂಗಳುಗಟ್ಟಲೆ ರಾತ್ರಿಗಳು ಇದಕ್ಕೇ ಹೋದವು. ಈಗ ಫ್ಯೂಷನ್‌ಗೆ ಅಂದರೆ ಗ್ಯಾಂಟ್ರಿಯ ಓರೆ (ಟಿಲ್ಟ್) ಸೊನ್ನೆ, ಸ್ಲೈಸ್ ದಪ್ಪ 1 ಮಿ.ಮೀ. ವಾಟ್ಸಾಪ್ ಫೋಟೊ ತಂದರೆ ಮುಟ್ಟಲ್ಲ, ಸ್ಕ್ಯಾನ್‌ನ ಮೂಲ ಫೈಲುಗಳಿರೋ ಡೈಕಾಮ್ ಸಿಡಿ ಬೇಕು.

ನಿಜವಾದ ಲಾಭ ಸಿಕ್ಕಿದ್ದು ಬೆನ್ನುಮೂಳೆಯಲ್ಲಿ. ಅಕ್ಕಿ ಗಿರಣಿಯ ಹಮಾಲರೊಬ್ಬರಿಗೆ ಬೆನ್ನುಮೂಳೆ ಟಿಬಿ ಅನ್ನೋ ಅನುಮಾನ. ಬೇರೆ ಕಡೆ ಮಾಡಿಸಿದ್ದ ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡೋ ಪರೀಕ್ಷೆ) ಏನೂ ತಿಳಿದಿರಲಿಲ್ಲ. ಸಿಟಿಯಲ್ಲಿ ಪುಡಿಯಾದ ಮೂಳೆ ಚೆನ್ನಾಗಿ ಕಾಣುತ್ತೆ, ರೋಗ ಎಲ್ಲಿ ಚುರುಕಾಗಿದೆ ಅನ್ನೋದು ಕಾಂಟ್ರಾಸ್ಟ್ ಔಷಧಿ ಕೊಟ್ಟು ತೆಗೆದ ಎಂಆರ್‌ಐಯಲ್ಲೇ ಗೊತ್ತಾಗೋದು. ಎಂಆರ್‌ಐಗೆ ಮೊಣಕಾಲ ಕೆಳಗೆ ದಿಂಬು ಇಟ್ಟಿದ್ದರು, ಸಿಟಿಗೆ ಇಟ್ಟಿರಲಿಲ್ಲ. ಬೆನ್ನಿನ ಬಾಗು ಅಷ್ಟಕ್ಕೇ ಬದಲಾಗುತ್ತೆ. ಇಡೀ ಬೆನ್ನು ಕೂರಿಸುವ ಆಸೆ ಬಿಟ್ಟು, ಒಂದೊಂದೇ ಮೂಳೆಗೆ ಮಾಸ್ಕ್ ಹಾಕಿ (ಅಷ್ಟೇ ಜಾಗ ಗುರುತಿಸಿ) ಕೂರಿಸಿದೆ. ಮಾಸ್ಕ್ ಎಲ್ಲಿಂದ ಎಲ್ಲಿಗೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಅದು ನನ್ನ ಕೈಚಳಕ.

ಒಂದು ಚಿತ್ರದಿಂದ ಇನ್ನೊಂದಕ್ಕೆ ಬದಲಿಸೋ ಸ್ಲೈಡರ್ ಎಳೆದಾಗ ಬೂದು ಮೂಳೆಯ ಪಕ್ಕದಲ್ಲೇ ಎಂಆರ್‌ಐಯ ಬಿಳಿ ಅಂಚು ಹೊಳೆಯಿತು. ಪೆಡಿಕಲ್‌ನ (ಬೆನ್ನುಮೂಳೆಯ ಮುಂಭಾಗ, ಹಿಂಭಾಗ ಸೇರಿಸೋ ಕುತ್ತಿಗೆಯಂಥ ಭಾಗ) ಅಂಚು ಎರಡರಲ್ಲೂ ಗೆರೆ ಎಳೆದಂತೆ ಹೊಂದಿತ್ತು. ಡಾಕ್ಟರ್ ಮತ್ತೆ ಮತ್ತೆ ಹಿಂದೆ ಮುಂದೆ ಎಳೆದು ನೋಡಿ, "ಇಲ್ಲೇ ಹಾಕೋಣ್ರೀ" ಅಂದರು. ಸಿಟಿ ನೋಡುತ್ತಲೇ ಸೂಜಿಯನ್ನು ಆ ಜಾಗಕ್ಕೆ ಒಯ್ದರು. ಟಿಬಿ ರೋಗಾಣುವಿನ ಡಿಎನ್‌ಎ ಹುಡುಕೋ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಟಿಬಿ ಅಂತ ಬಂತು, ಔಷಧಿ ಶುರುವಾಯಿತು. ಫಿಲ್ಮ್ ಬಾಜೂಕ ಇಡಿ ಅಂತಿದ್ದವರೇ ಈಗ ಚೀಟಿಯಲ್ಲಿ 'ಫ್ಯೂಷನ್ ಬೇಕು' ಅಂತ ಬರೆದು ಕಳಿಸ್ತಾರೆ.

ನಡುವೆ ಲಿವರ್‌ಗೂ ಕೈ ಹಾಕಿದೆ. ಉಸಿರು ಹಿಡಿಯೋದು ಎರಡು ಸಲ ಒಂದೇ ಥರ ಇರಲ್ಲ, ಲಿವರ್ ಇರೋ ಜಾಗದಲ್ಲಿ 1–2 ಸೆಂ.ಮೀ. ತನಕ ವ್ಯತ್ಯಾಸ ಬರುತ್ತೆ. ಡಿಫಾರ್ಮಬಲ್ (ಚಿತ್ರವನ್ನು ಎಳೆದು ಬಾಗಿಸಿ ಕೂರಿಸೋದು) ಹಾಕಿದರೆ ಚಿತ್ರ ಚೆಂದ ಕೂರುತ್ತೆ, ಆದರೆ ಸಣ್ಣ ಗಡ್ಡೆಯ ಆಕಾರವನ್ನೇ ತಿರುಚಿಬಿಡುತ್ತೆ. ಅದನ್ನು ಇನ್ನೂ ಯಾವ ಡಾಕ್ಟರಿಗೂ ಕೊಟ್ಟಿಲ್ಲ. ಈಗ ಉಸಿರು ಹೊರಬಿಟ್ಟು ಹಿಡಿಸಿ ಎರಡೂ ಸ್ಕ್ಯಾನ್ ತೆಗೆದು ನೋಡುತ್ತಿದ್ದೇನೆ.